ಹೊಸ ರಿಸೀವರ್‌ಗೆ ಮೊದಲು ಹಳೆಯದರ ಬೆನ್ನು ನೋಡಿ

ಏಪ್ರಿಲ್ ಮುಗಿಯುವ ಹೊತ್ತಿಗೆ ನನ್ನ ಫೋನಿಗೆ ಒಂದೇ ಥರದ ಕರೆಗಳು ಶುರುವಾಗುತ್ತವೆ. "ಸರ್, ನಿನ್ನೆ ಸಂಜೆ ಗುಡುಗು ಮಳೆ ಬಂತು. ಆಮೇಲಿಂದ ಹೋಮ್ ಥಿಯೇಟರ್‌ನಲ್ಲಿ ಸೌಂಡೂ ಇಲ್ಲ, ಟಿವಿಯಲ್ಲಿ ಪಿಕ್ಚರೂ ಇಲ್ಲ. ಯಾವ ರಿಸೀವರ್ ತಗೊಳ್ಳಲಿ?" ರಿಸೀವರ್ ಅಂದರೆ ಟಿವಿ, ಪ್ಲೇಯರ್‌ಗಳ ಶಬ್ದ ತೆಗೆದುಕೊಂಡು ಸ್ಪೀಕರ್‌ಗಳನ್ನು ಓಡಿಸುವ ಪೆಟ್ಟಿಗೆ. ಮೈಸೂರಿನಲ್ಲಿ ಮನೆ ಮನೆಗೆ ಹೋಗಿ ಹೋಮ್ ಥಿಯೇಟರ್ ಕೂರಿಸುವುದು ನನ್ನ ಕೆಲಸ. ಈ ಪ್ರಶ್ನೆಗೆ ನಾನು ಮಾಡೆಲ್ ಹೆಸರು ಹೇಳುವುದಿಲ್ಲ. ಹಳೆಯ ರಿಸೀವರ್‌ನ ಹಿಂಭಾಗದ ಒಂದು ಫೋಟೋ, ಸ್ಪೀಕರ್‌ಗಳ ಹಿಂಭಾಗದ ಒಂದು ಫೋಟೋ ಕಳಿಸಿ ಎನ್ನುತ್ತೇನೆ. ಏನು ಕೊಳ್ಳಬೇಕು, ಅಸಲಿಗೆ ಕೊಳ್ಳಬೇಕೋ ಬೇಡವೋ ಎನ್ನುವುದು ಮುಕ್ಕಾಲು ಪಾಲು ಅಲ್ಲೇ ಗೊತ್ತಾಗುತ್ತದೆ.

ಮೊದಲು ಈ ಗುಡುಗಿನ ವಿಷಯ. ಸಿಡಿಲಿನ ಹೊಡೆತ ಕರೆಂಟ್ ಪ್ಲಗ್‌ನಿಂದಲೇ ಬರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದ ಮನೆಗಳಲ್ಲಿ ಅದು ಜಾಸ್ತಿ ಬಂದಿದ್ದು ಡಿಶ್ ಅಥವಾ ಕೇಬಲ್ ಟಿವಿಯ ತಂತಿಯಿಂದ. ತಾರಸಿಯ ಮೇಲಿಂದ ಇಳಿದ ಆ ತಂತಿ ಸೆಟ್ ಟಾಪ್ ಬಾಕ್ಸ್‌ಗೆ ಹೋಗುತ್ತದೆ. ಅಲ್ಲಿಂದ ಎಚ್‌ಡಿಎಂಐ ಕೇಬಲ್ ಹಿಡಿದು ರಿಸೀವರ್ ಒಳಗೆ ಬರುತ್ತದೆ. ಎಚ್‌ಡಿಎಂಐ ಚಿಪ್‌ಗಳು ಬರೀ ಮೂರು, ಐದು ವೋಲ್ಟ್‌ನಲ್ಲಿ ಕೆಲಸ ಮಾಡುವ ಸೂಕ್ಷ್ಮ ವಸ್ತುಗಳು. ಅವು ಸತ್ತರೂ ಸ್ಪೀಕರ್‌ಗಳನ್ನು ಓಡಿಸುವ ಆಂಪ್ಲಿಫೈಯರ್ ಭಾಗ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ.

ಅದಕ್ಕೇ ಒಂದು ಪರೀಕ್ಷೆ ಮಾಡಿ. ರಿಸೀವರ್‌ನಲ್ಲಿ ಎಫ್ಎಂ ರೇಡಿಯೋ ಹಾಕಿ. ಸ್ಪೀಕರ್‌ನಲ್ಲಿ ಶಬ್ದ ಬಂತು ಅಂದರೆ ಆಂಪ್ಲಿಫೈಯರ್ ಬದುಕಿದೆ. ಆಗ ಸೆಟ್ ಟಾಪ್ ಬಾಕ್ಸ್, ಪ್ಲೇಯರ್ ಎಲ್ಲವನ್ನೂ ನೇರ ಟಿವಿಗೆ ಹಾಕಿ. ಟಿವಿಯ ಆಪ್ಟಿಕಲ್ ಔಟ್‌ನಿಂದ ರಿಸೀವರ್‌ನ ಆಪ್ಟಿಕಲ್ ಇನ್‌ಗೆ ಒಂದು ಕೇಬಲ್ ಎಳೆಯಿರಿ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂನಿಂದ ಆಟೋ ಅಥವಾ ಬಿಟ್‌ಸ್ಟ್ರೀಮ್‌ಗೆ ಬದಲಿಸಿ. ಡಾಲ್ಬಿ ಡಿಜಿಟಲ್ 5.1, ಅಂದರೆ ಐದು ಸ್ಪೀಕರ್ ಮತ್ತು ಭಾರದ ಶಬ್ದಕ್ಕೆ ಒಂದು ಸಬ್‌ವೂಫರ್‌ನ ಶಬ್ದ, ಬರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ಮತ್ತು ಡಿಜಿಟಲ್ ಸೌಂಡ್ ಎರಡೂ ಒಂದೇ ಬೋರ್ಡ್‌ನಲ್ಲಿ ಇರುತ್ತವೆ, ಅಲ್ಲಿ ಈ ದಾರಿ ನಡೆಯುವುದಿಲ್ಲ. ಆದರೂ ನೋಡದೆ ಬಿಡಬೇಡಿ. ಒಂದು ಕೇಬಲ್‌ನಲ್ಲಿ ಮುಗಿಯುವ ಕೆಲಸಕ್ಕೆ ಸುಮ್ನೆ ಹತ್ತಾರು ಸಾವಿರ ಹಾಕುವುದು ಬೇಡ.

ಇನ್ನು ಕೊಳ್ಳಲೇಬೇಕು ಎನ್ನುವವರ ಮಾತು. ಕುವೆಂಪುನಗರದ ಒಬ್ಬ ನಿವೃತ್ತ ಮೇಷ್ಟ್ರು ಹೋದ ವರ್ಷ ಕರೆದಿದ್ದರು. 2009ರಲ್ಲಿ ಕೊಂಡ ಸೆಟ್. ಡಿವಿಡಿ ಪ್ಲೇಯರ್, ಆಂಪ್ಲಿಫೈಯರ್, ಐದು ಸ್ಪೀಕರ್, ಒಂದು ಸಬ್‌ವೂಫರ್, ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬಂದಿದ್ದು. ಆ ಕಾಲದಲ್ಲಿ ನಮ್ಮ ಕಡೆ ಹೋಮ್ ಥಿಯೇಟರ್ ಅಂದರೆ ಹೆಚ್ಚಾಗಿ ಇದೇ. ಪ್ಲೇಯರ್ ಕೆಟ್ಟಿತ್ತು, ಸ್ಪೀಕರ್‌ಗಳು ಹೊಸದರ ಹಾಗಿದ್ದವು. "ಒಂದು 7.2 ರಿಸೀವರ್ ತಂದು ಈ ಸ್ಪೀಕರ್‌ಗಳಿಗೆ ಹಾಕಿಬಿಡಿ" ಎಂದರು. ಅಂಗಡಿಯವರು ಆಗಲೇ ಮಾಡೆಲ್ ತೋರಿಸಿ ಅಡ್ವಾನ್ಸ್ ಕೇಳಿದ್ದರಂತೆ.

ನಾನು ಸ್ಪೀಕರ್ ತಿರುಗಿಸಿ ನೋಡಿದೆ. ಲೇಬಲ್ ಮೇಲೆ 3 ಓಂ ಎಂದಿತ್ತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಒಂದು ಅಂಕಿ ನೋಡದೆ ರಿಸೀವರ್ ಹಾಳುಮಾಡಿಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಓಂ ಎಂದರೆ ಸ್ಪೀಕರ್ ಒಡ್ಡುವ ತಡೆ. ತಡೆ ಕಡಿಮೆಯಾದಷ್ಟೂ ಅದು ಆಂಪ್ಲಿಫೈಯರ್‌ನಿಂದ ಕರೆಂಟ್ ಜಾಸ್ತಿ ಎಳೆಯುತ್ತದೆ. ಬೇರೆಯಾಗಿ ಮಾರುವ ರಿಸೀವರ್‌ಗಳನ್ನು ಸಾಮಾನ್ಯವಾಗಿ 6ರಿಂದ 8 ಓಂ ಸ್ಪೀಕರ್‌ಗೆ ಮಾಡಿರುತ್ತಾರೆ. ಕೆಲವಕ್ಕೆ 4 ಓಂ ನಡೆಯುತ್ತದೆ. 3 ಓಂ ಸ್ಪೀಕರ್ ಐದನ್ನೂ ಹಾಕಿ ವಾಲ್ಯೂಮ್ ಏರಿಸಿದರೆ ರಿಸೀವರ್ ಬಿಸಿಯಾಗಿ ತಾನೇ ಆಫ್ ಆಗುತ್ತದೆ. ಆಫ್ ಆದದ್ದನ್ನು ಮತ್ತೆ ಮತ್ತೆ ಆನ್ ಮಾಡುತ್ತಾ ಹೋದರೆ ಒಂದು ದಿನ ಔಟ್‌ಪುಟ್ ಭಾಗವೇ ಸುಡುತ್ತದೆ.

ಎರಡನೆಯ ತೊಡಕು ಸಬ್‌ವೂಫರ್. ಮೇಷ್ಟ್ರ ಸಬ್‌ವೂಫರ್‌ಗೆ ಕರೆಂಟ್ ವೈರೇ ಇರಲಿಲ್ಲ, ಬರೀ ಸ್ಪೀಕರ್ ವೈರ್ ಇತ್ತು. ಅದಕ್ಕೆ ಶಕ್ತಿ ಕೊಡುತ್ತಿದ್ದುದು ಆ ಹಳೆಯ ಪ್ಲೇಯರೇ. ಈಗಿನ ರಿಸೀವರ್‌ಗಳ ಹಿಂದೆ ಸಬ್‌ವೂಫರ್‌ಗೆ ಇರುವುದು ಒಂದೋ ಎರಡೋ ಸಣ್ಣ ದುಂಡು ಆರ್‌ಸಿಎ ತೂತು ಮಾತ್ರ. 7.2 ಎಂಬಲ್ಲಿ ಆ 2 ಅಂದರೆ ಇದೇ. ಅದರಿಂದ ಬರುವುದು ಬರೀ ಸಿಗ್ನಲ್, ಪವರ್ ಅಲ್ಲ. ಅದಕ್ಕೆ ಒಳಗೇ ಆಂಪ್ಲಿಫೈಯರ್ ಇರುವ, ತನ್ನದೇ ಪ್ಲಗ್ ಇರುವ ಸಬ್‌ವೂಫರ್ ಬೇಕು. ಅಂಗಡಿಯಲ್ಲಿ ಪವರ್ಡ್ ಅಥವಾ ಆಕ್ಟಿವ್ ಸಬ್ ಎಂದು ಕೇಳಿ.

ಮೇಷ್ಟ್ರಿಗೆ ಬೇಸರವಾಯಿತು. "ಹಾಗಾದ್ರೆ ಎಲ್ಲಾ ಎಸೀಬೇಕಾ?" ಎಂದರು. ಒಂದೇ ಪೆಟ್ಟಿಗೆಯ ಸೆಟ್ ಇದ್ದವರಿಗೆ ನಾನು ಹೇಳುವುದು ಇಷ್ಟೇ. ಆ ಪ್ಲೇಯರ್ ಮತ್ತು ಸ್ಪೀಕರ್‌ಗಳು ಒಂದೇ ಸಂಸಾರ, ಒಟ್ಟಿಗೇ ಬಂದವು, ಒಟ್ಟಿಗೇ ಹೋಗಬೇಕು. ಆದರೆ ಐದೂ ಸ್ಪೀಕರ್ ಒಂದೇ ದಿನ ಕೊಳ್ಳಬೇಕಿಲ್ಲ. ಸಾಧಾರಣ 5.1 ರಿಸೀವರ್, ಮುಂಭಾಗಕ್ಕೆ ಮೂರು ಒಳ್ಳೆಯ ಸ್ಪೀಕರ್, ಒಂದು ಪವರ್ಡ್ ಸಬ್. ಮಾತು ಬರುವುದು ನಡುವಿನ ಸ್ಪೀಕರ್‌ನಿಂದ, ಅದರಲ್ಲಿ ಉಳಿತಾಯ ಬೇಡ. ಹಿಂಬದಿಯ ಎರಡು ಸ್ಪೀಕರ್ ದೀಪಾವಳಿಗೆ ಬಂದರೂ ಸಾಕು. ಅವರು ಹಾಗೇ ಮಾಡಿದರು.

ನಿಮ್ಮ ಸ್ಪೀಕರ್‌ಗಳು 6 ಅಥವಾ 8 ಓಂ ಇದ್ದು, ಹಿಂದೆ ಸಾಮಾನ್ಯ ವೈರ್ ಸಿಕ್ಕಿಸುವ ತಿರುಪು ಇದ್ದರೆ ಈ ಯಾವ ಚಿಂತೆಯೂ ಇಲ್ಲ. ರಿಸೀವರ್ ಒಂದನ್ನೇ ಬದಲಿಸಿ.

ಆಗ ಎಲ್ಲರೂ ಕೇಳುವ ಪ್ರಶ್ನೆ, ಎಷ್ಟು ವ್ಯಾಟ್? ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ಬಿಟ್ಟು ಮ್ಯಾನ್ಯುಯಲ್‌ನ ಕೊನೆಯ ಪುಟ ನೋಡಿ. 150 ವ್ಯಾಟ್ ಎನ್ನುವುದರ ಪಕ್ಕ 6 ಓಂ, 1 ಕಿಲೋಹರ್ಟ್ಜ್, 10 ಪರ್ಸೆಂಟ್ ಡಿಸ್ಟಾರ್ಷನ್, ಒಂದು ಚಾನೆಲ್ ಎಂದಿದ್ದರೆ ಆ ಅಂಕಿಗೆ ಬೆಲೆ ಕೊಡಬೇಡಿ. 8 ಓಂ, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, ಎರಡು ಚಾನೆಲ್ ಒಟ್ಟಿಗೆ ಎಂಬ ಸಾಲನ್ನು ಹುಡುಕಿ. ಅದೇ ರಿಸೀವರ್ ಅಲ್ಲಿ 70, 80 ವ್ಯಾಟ್‌ಗೆ ಇಳಿದಿರುತ್ತದೆ. ಇದು ನಿಜವಾದ ಅಳತೆ, ಮತ್ತು ನಮ್ಮ ಹಾಲ್‌ಗಳಿಗೆ ಇದು ಧಾರಾಳ. 80 ವ್ಯಾಟ್‌ಗೂ 100 ವ್ಯಾಟ್‌ಗೂ ಇರುವ ವ್ಯತ್ಯಾಸ ಒಂದು ಡೆಸಿಬೆಲ್ ಅಷ್ಟೆ, ಕಿವಿಗೆ ಗೊತ್ತಾಗುವುದೂ ಕಷ್ಟ. ಶಬ್ದ ಎರಡು ಪಟ್ಟು ಜೋರಾಗಿ ಕೇಳಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅದರ ಬದಲು ಸ್ಪೀಕರ್‌ನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರ್‌ಗೆ ಅದು ಎಷ್ಟು ಜೋರಾಗಿ ಕೇಳುತ್ತದೆ ಎನ್ನುವುದನ್ನು ನೋಡಿ. 85 ಡೆಸಿಬೆಲ್‌ನ ಸ್ಪೀಕರ್ ಬದಲು 88ರದು ಕೊಂಡರೆ ಅರ್ಧ ಪವರ್‌ನಲ್ಲೇ ಅಷ್ಟೇ ಶಬ್ದ.

ಈಗ ಟಿವಿಯ ಕಡೆ ಬರೋಣ. ಟಿವಿಯ ಎಚ್‌ಡಿಎಂಐ ತೂತುಗಳ ಪೈಕಿ ಒಂದರ ಪಕ್ಕ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿರುತ್ತದೆ. ಟಿವಿಯೊಳಗಿನ ಆ್ಯಪ್‌ಗಳ ಶಬ್ದ ಇದೇ ಕೇಬಲ್‌ನಲ್ಲಿ ಹಿಂದಕ್ಕೆ ರಿಸೀವರ್‌ಗೆ ಬರುತ್ತದೆ. ಬರೀ ಓಟಿಟಿ ನೋಡುವವರಿಗೆ ಹಳೆಯ ಎಆರ್‌ಸಿ ಸಾಕು. ಆ ಆ್ಯಪ್‌ಗಳ ಡಾಲ್ಬಿ ಆಟ್ಮಾಸ್ (ತಲೆಯ ಮೇಲಿಂದಲೂ ಶಬ್ದ ಕೇಳಿಸುವ ಮಾದರಿ) ಕೂಡ ಅದರಲ್ಲಿ ಹಾಯುತ್ತದೆ, ಟಿವಿ ಕಳಿಸುವಂತಿರಬೇಕು ಅಷ್ಟೆ. ಬ್ಲೂ ರೇ ಡಿಸ್ಕ್‌ನ ಪೂರ್ತಿ ಗುಣಮಟ್ಟದ ಶಬ್ದ ಟಿವಿಯ ಮೂಲಕ ಬರಬೇಕಾದರೆ ಮಾತ್ರ ಇಎಆರ್‌ಸಿ ಬೇಕು. ಪ್ಲೇಯರನ್ನು ನೇರ ರಿಸೀವರ್‌ಗೆ ಹಾಕಿದರೆ ಅದೂ ಬೇಕಿಲ್ಲ.

ಪೆನ್‌ಡ್ರೈವ್‌ನಲ್ಲಿ ಸಿನಿಮಾ ಹಾಕಿ ನೋಡುವವರು ಒಂದು ವಿಷಯ ತಿಳಿದಿರಬೇಕು. ಎಷ್ಟೋ ಟಿವಿಗಳು ಡಿಟಿಎಸ್ (ಡಾಲ್ಬಿಯ ಹಾಗೇ ಇನ್ನೊಂದು ಮಾದರಿ) ಶಬ್ದವನ್ನು ಓದುವುದೂ ಇಲ್ಲ, ಮುಂದೆ ಕಳಿಸುವುದೂ ಇಲ್ಲ. ಸ್ಯಾಮ್‌ಸಂಗ್ 2018ರ ಟಿವಿಗಳಿಂದ ಅದನ್ನು ಬಿಟ್ಟಿತು. ಎಲ್‌ಜಿ 2020ರಲ್ಲಿ ಬಿಟ್ಟು 2023ರಲ್ಲಿ ಕೆಲವು ಮಾಡೆಲ್‌ಗಳಿಗೆ ವಾಪಸ್ ತಂದಿತು. ಚಿತ್ರ ಬಂದು ಶಬ್ದ ಬರದಿದ್ದರೆ ತಪ್ಪು ನಿಮ್ಮ ರಿಸೀವರ್‌ದಲ್ಲ. ಒಂದು ಮೀಡಿಯಾ ಪ್ಲೇಯರ್ ತಂದು ರಿಸೀವರ್‌ಗೇ ಸಿಕ್ಕಿಸಿ.

ಎಚ್‌ಡಿಎಂಐ 2.1 ಬೇಕಾ? ಮನೆಯಲ್ಲಿ ಹೊಸ ಗೇಮ್ ಕನ್ಸೋಲ್ ಇದ್ದು 4ಕೆ 120 ಹರ್ಟ್ಜ್‌ನಲ್ಲಿ ಆಡುವ ಮಕ್ಕಳಿದ್ದರೆ ಬೇಕು. ಸಿನಿಮಾ, ಕ್ರಿಕೆಟ್‌ಗೆ 2.0 ಸಾಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಚ್‌ಡಿಸಿಪಿ 2.2 (ನಕಲು ತಡೆಯುವ ಬೀಗದ ವ್ಯವಸ್ಥೆ) ಇದೆಯಾ ಎಂದು ಕೇಳಲೇಬೇಕು. ಅದಿಲ್ಲದ ರಿಸೀವರ್ ಮೂಲಕ ಓಟಿಟಿಯ 4ಕೆ ಚಿತ್ರ ಬರುವುದಿಲ್ಲ.

ಆಟ್ಮಾಸ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಚಾವಣಿಗೆ ಸ್ಪೀಕರ್ ಹಾಕಿಸಲು ನೀವು ತಯಾರಿದ್ದರೆ 7 ಚಾನೆಲ್ ರಿಸೀವರ್ ಕೊಳ್ಳಿ, 5.1.2 (ಕೊನೆಯ 2 ಚಾವಣಿಯ ಸ್ಪೀಕರ್‌ಗಳು) ಮಾಡಿಸಿ, ತುಂಬಾ ಚೆನ್ನಾಗಿರುತ್ತದೆ. ನೆಲದಿಂದ ಮೇಲಕ್ಕೆ ಶಬ್ದ ಚಿಮ್ಮಿಸಿ ಚಾವಣಿಯಿಂದ ಪುಟಿಸುವ ಸ್ಪೀಕರ್‌ಗಳಿಗೆ ಸಮತಟ್ಟಾದ ಗಟ್ಟಿ ಚಾವಣಿ ಬೇಕು. ಹತ್ತಡಿ ಎತ್ತರದ ಆರ್‌ಸಿಸಿ ಮನೆಯಲ್ಲಿ ಪರವಾಗಿಲ್ಲ. ಕೊಡಗಿನಲ್ಲಿ, ಮಲೆನಾಡಿನಲ್ಲಿ ಮಂಗಳೂರು ಹೆಂಚಿನ ಇಳಿಜಾರು ಮಾಡಿನ ಕೆಳಗೆ ಅದು ಕೆಲಸ ಮಾಡುವುದಿಲ್ಲ. ಶಬ್ದ ಎಲ್ಲೆಲ್ಲೋ ಹಾರಿಹೋಗುತ್ತದೆ. ಅಂಥ ಮನೆಗೆ ಒಳ್ಳೆಯ 5.1 ಸಾಕು.

ಇನ್ನೊಂದು, ಅಮೆರಿಕದಿಂದ ಬರುವ ರಿಸೀವರ್. "ಮಗ ಬರ್ತಿದ್ದಾನೆ, ಅಲ್ಲಿ ಅಗ್ಗ, ತರಿಸಿಬಿಡ್ಲಾ?" ಎಂದು ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ. ಬೇಡ. ಲ್ಯಾಪ್‌ಟಾಪ್ ಚಾರ್ಜರ್ ಹಾಗೆ ಇದು ಎಲ್ಲ ವೋಲ್ಟೇಜಿಗೂ ಹೊಂದಿಕೊಳ್ಳುವುದಿಲ್ಲ. ಒಳಗಿರುವ ದೊಡ್ಡ ಟ್ರಾನ್ಸ್‌ಫಾರ್ಮರ್ 120 ವೋಲ್ಟ್, 60 ಹರ್ಟ್ಜ್‌ಗೆ ಸುತ್ತಿದ್ದು. ನಮ್ಮದು 230 ವೋಲ್ಟ್, 50 ಹರ್ಟ್ಜ್. ಸ್ಟೆಪ್ ಡೌನ್ ಹಾಕಿದರೆ ವೋಲ್ಟ್ ಇಳಿಯುತ್ತದೆ, ಹರ್ಟ್ಜ್ ಬದಲಾಗುವುದಿಲ್ಲ, ಟ್ರಾನ್ಸ್‌ಫಾರ್ಮರ್ ಜಾಸ್ತಿ ಕಾಯುತ್ತದೆ. ಸ್ಟೆಪ್ ಡೌನ್ ಮರೆತು ಯಾರಾದರೂ ಗೋಡೆಗೆ ನೇರ ಪ್ಲಗ್ ಹಾಕಿದ ದಿನ ಎಲ್ಲ ಮುಗಿಯಿತು. ವಾರಂಟಿಯೂ ಇಲ್ಲಿ ನಡೆಯದು.

ಕೊಳ್ಳುವ ಮುನ್ನ ಟೇಪ್ ಹಿಡಿದು ಟಿವಿ ಯೂನಿಟ್ ಅಳೆಯಿರಿ. ಒಂದು ರಿಸೀವರ್ ಸಾಮಾನ್ಯವಾಗಿ 43 ಸೆಂಟಿಮೀಟರ್ ಅಗಲ, 15ರಿಂದ 17 ಎತ್ತರ, 32ರಿಂದ 38 ಆಳ ಇರುತ್ತದೆ. ಹಿಂದೆ ಕೇಬಲ್ ಬಾಗಲು ಇನ್ನೊಂದು ಆರೇಳು ಸೆಂಟಿಮೀಟರ್ ಬೇಕು. ಈಗಿನ ಫ್ಲಾಟ್‌ಗಳ ಟಿವಿ ಯೂನಿಟ್ ಎಷ್ಟೋ ಸಲ 12 ಇಂಚು, ಅಂದರೆ 30 ಸೆಂಟಿಮೀಟರ್ ಆಳ ಮಾತ್ರ. ರಿಸೀವರ್ ಬಂದ ಮೇಲೆ ಕಾರ್ಪೆಂಟರ್ ಕರೆಸಿ ಹಿಂಬದಿಯ ಪ್ಲೈವುಡ್ ಕೊರೆಸಿದ ಮನೆಗಳು ನನಗೆ ಲೆಕ್ಕವಿಲ್ಲ. ಮೇಲೆ ಒಂದು ಗೇಣು ಜಾಗ ಬಿಡಿ. ಗಾಜಿನ ಬಾಗಿಲು ಇದ್ದರೆ ಓಡುವಾಗ ತೆರೆದಿಡಿ. ರಿಸೀವರ್ ಮೇಲೆ ಸೆಟ್ ಟಾಪ್ ಬಾಕ್ಸ್ ಇಡಲೇಬೇಡಿ. ಗುಡುಗು ಮಳೆ ಬರುವ ಹಾಗಿದ್ದರೆ ಗುಡುಗು ಶುರುವಾಗುವ ಮೊದಲೇ ಕರೆಂಟ್ ಪ್ಲಗ್ ಜೊತೆಗೆ ಡಿಶ್ ತಂತಿಯನ್ನೂ ಕಳಚಿ. ಸ್ಪೈಕ್ ಗಾರ್ಡ್ ಕೆಲಸ ಮಾಡಬೇಕಾದರೆ ಮನೆಯ ಅರ್ಥಿಂಗ್ ಸರಿ ಇರಬೇಕು. ಅದನ್ನು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ಅಳೆಸಿ.

ಕೂರಿಸಿದ ಮೇಲೆ ಮೈಕ್ ಸೆಟಪ್, ಅಂದರೆ ರಿಸೀವರ್ ತಾನೇ ಸದ್ದು ಹೊರಡಿಸಿ, ಮೈಕ್‌ನಲ್ಲಿ ಕೇಳಿ, ಸ್ಪೀಕರ್‌ಗಳನ್ನು ನಿಮ್ಮ ಕೋಣೆಗೆ ಹೊಂದಿಸಿಕೊಳ್ಳುವುದು. ರಿಸೀವರ್ ಜೊತೆ ಬರುವ ಆ ಸಣ್ಣ ಮೈಕ್ ಅನ್ನು ಎಷ್ಟೋ ಜನ ಪೆಟ್ಟಿಗೆಯಿಂದ ಹೊರಗೇ ತೆಗೆದಿರುವುದಿಲ್ಲ. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿ, ಏಕೆಂದರೆ ಕೊಟ್ಟ ದುಡ್ಡಿನ ದೊಡ್ಡ ಭಾಗ ಅದರಲ್ಲೇ ಇದೆ. ಮೈಕನ್ನು ಸೋಫಾದ ಮೇಲೆ ಎಸೆಯದೆ, ಕೂತಾಗ ಕಿವಿ ಇರುವ ಎತ್ತರಕ್ಕೆ ಟ್ರೈಪಾಡ್ ಮೇಲೆ ಇಡಿ. ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ, ರಸ್ತೆ ಸದ್ದು ಇಳಿದ ಮೇಲೆ ಓಡಿಸಿ. ಮುಗಿದ ಮೇಲೆ ಮೆನುವಿನಲ್ಲಿ ಸ್ಪೀಕರ್‌ಗಳು ಲಾರ್ಜ್ ಎಂದು ಬಂದಿದ್ದರೆ ಸ್ಮಾಲ್‌ಗೆ ಬದಲಿಸಿ, ಕ್ರಾಸ್ಓವರ್ (ಶಬ್ದ ಸಬ್‌ಗೆ ತಿರುಗುವ ಗಡಿ) 80 ಹರ್ಟ್ಜ್ ಇಡಿ. ಆಗ ಭಾರದ ಶಬ್ದವೆಲ್ಲ ಸಬ್‌ಗೆ ಹೋಗಿ ರಿಸೀವರ್‌ನ ಹೊರೆ ಇಳಿಯುತ್ತದೆ.

ಮೇಷ್ಟ್ರ ಮನೆಯಲ್ಲಿ ಇದೆಲ್ಲ ಆದ ಮೇಲೆ ನಾನು ಫ್ಯಾನ್ ಮತ್ತೆ ಹಾಕಿ, ಅವರು ದಿನಾ ನೋಡುವ ವಾರ್ತೆಯನ್ನೇ ಹಚ್ಚಿದೆ. ಅವರು ಯಾವಾಗಲೂ ಫ್ಯಾನನ್ನು ನಾಲ್ಕರಲ್ಲೇ ಇಡುವವರು. ಓದುವವರ ಮಾತು ಫ್ಯಾನ್ ಸದ್ದಿನಲ್ಲಿ ಸ್ವಲ್ಪ ಮುಳುಗುತ್ತಿತ್ತು. ನಡುವಿನ ಸ್ಪೀಕರ್‌ನ ಲೆವೆಲ್ 2 ಡೆಸಿಬೆಲ್ ಏರಿಸಿದೆ. "ಈಗ ಸರಿಯಾಯ್ತು" ಎಂದು ಮೇಷ್ಟ್ರು ರಿಮೋಟ್ ಕೈಗೆ ತೆಗೆದುಕೊಂಡರು.