"ನಾಯಿ ಇದೆ ಎಚ್ಚರಿಕೆ" ಬೋರ್ಡ್ ಹಾಕಿದ್ರೆ ಮುಗೀತಾ?

ನಮ್ಮ ವಕೀಲಿ ಆಫೀಸಿಗೆ ಬಂದ ಒಬ್ರು ಕೂತ ತಕ್ಷಣ ಮೊಬೈಲ್ ತೆಗ್ದು ಗೇಟಿನ ಫೋಟೋ ತೋರ್ಸಿದ್ರು, "ನೋಡಿ ಸಾರ್, ನಾಯಿ ಇದೆ ಎಚ್ಚರಿಕೆ ಅಂತ ಎಷ್ಟು ದೊಡ್ಡದಾಗಿ ಬರ್ಸಿದೀನಿ, ಆದ್ರೂ ಕಂಪ್ಲೇಂಟ್ ಕೊಟ್ಟಿದಾರೆ." ಪಾರ್ಸೆಲ್ ತಂದ ಹುಡುಗನ ಮುಂಗೈಗೆ ಅವರ ನಾಯಿ ಬಾಯಿ ಹಾಕಿತ್ತು. ಫೋಟೋ ಝೂಮ್ ಮಾಡ್ದೆ. ಬೋರ್ಡೇನೋ ಇದೆ, ಆದ್ರೆ ಕಾಲಿಂಗ್ ಬೆಲ್ ಕಾಂಪೌಂಡ್ ಒಳಗಡೆ, ಗೇಟಿನ ಚಿಲಕಾನೂ ಒಳಗಡೆ. ಬಂದೋರು ಕಂಬಿ ಸಂದೀಲಿ ಕೈ ತೂರಿಸ್ದೆ ಬೇರೆ ದಾರಿನೇ ಇಲ್ಲ, ನಾಯಿನ ಬೇರೆ ಬಿಚ್ಚಿಬಿಟ್ಟಿದ್ರು.

ಕಾನೂನು ಬೋರ್ಡ್ ಇತ್ತಾ ಅಂತ ಕೇಳೋದಲ್ಲ, ಅಪಾಯ ಆಗ್ದಿರೋ ಹಾಗೆ ಸಾಕಷ್ಟು ಜಾಗ್ರತೆ ತಗೊಂಡಿದ್ರಾ ಅಂತ ಕೇಳುತ್ತೆ. ಮೊದಲು ಐಪಿಸಿ 289 ಇತ್ತು, 2024ರ ಜುಲೈ 1ರಿಂದ ಅದೇ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್, 6 ತಿಂಗಳವರೆಗೆ ಜೈಲು ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಪ್ರಾಣಿ ಯಾರ ಸುಪರ್ದಿಲಿ ಇದೆಯೋ ಅವ್ರ ಮೇಲೆ ಈ ಸೆಕ್ಷನ್, ಹಾಗಾಗಿ ಬಾಡಿಗೆಯೋರು ಸಾಕಿರೋ ನಾಯಿಗೆ ಮೊದಲು ಉತ್ತರ ಕೊಡ್ಬೇಕಾದೋರು ಅವ್ರೇ.

ಪರಿಹಾರದ ಸಿವಿಲ್ ದಾವೆ ಬೇರೆ. ಹುಲಿ, ಕರಡಿ ಥರದ ಕಾಡುಪ್ರಾಣಿ ಇಟ್ಕೊಂಡೋರು ಎಷ್ಟೇ ಜಾಗ್ರತೆ ಮಾಡಿದ್ರೂ ಹೊಣೆ ತಪ್ಪಲ್ಲ ಅನ್ನೋದು ಹಳೇ ತತ್ವ, ನಾಯಿ ಹಸು ವಿಷಯದಲ್ಲಿ ಇದು ಕಚ್ಚೋದು ಹಾಯೋದು ಅಂತ ಮಾಲೀಕರಿಗೆ ಗೊತ್ತಿತ್ತಾ ಅನ್ನೋದು ಮುಖ್ಯ ಆಗುತ್ತೆ. ಇಲ್ಲೇ ಬೋರ್ಡ್ ತಿರುಗುಬಾಣ ಆಗೋದು, ಎದುರು ವಕೀಲರು "ಕಚ್ಚುತ್ತೆ ಅಂತ ಗೊತ್ತಿದ್ದೇ ತಾನೇ ಬರ್ಸಿದ್ದು" ಅಂತ ಪಾಟೀಸವಾಲಿನಲ್ಲಿ ಹಿಡ್ಕೊಳ್ತಾರೆ. ಅದೊಂದರಿಂದಲೇ ಕೇಸ್ ಸೋಲಲ್ಲ, ಆದ್ರೆ ಪಕ್ಕದ ಮನೆಯೋರು ಹಿಂದೆ ಕಳ್ಸಿದ ವಾಟ್ಸಾಪ್ ದೂರೂ ಸೇರಿದ್ರೆ ಕಷ್ಟ. ಹಾಗಂತ ಬೋರ್ಡ್ ಕಿತ್ತಾಕ್ಬೇಡಿ ದಯವಿಟ್ಟು. ಓದಿ ಎಚ್ಚರ ಆಗೋರು ಇದಾರೆ, ರಾತ್ರಿ ಕಾಂಪೌಂಡ್ ಹಾರಿ ಬಂದೋನ ಕೇಸಲ್ಲಿ ಅದಕ್ಕೆ ಬೆಲೆನೂ ಇದೆ. ಆದ್ರೆ ಮೀಟರ್ ರೀಡರ್, ಸಿಲಿಂಡರ್ ತರೋರು, ಪೋಸ್ಟ್‌ಮ್ಯಾನ್ ಇವ್ರೆಲ್ಲ ಕೆಲಸಕ್ಕೆ ಅಂತ ಗೇಟಿಗೆ ಬರ್ಲೇಬೇಕು, ಬಾಲ್ ತಗೊಳೋಕೆ ಓಡಿಬರೋ ಐದು ವರ್ಷದ ಮಗು ಬೋರ್ಡ್ ಓದುತ್ತಾ?

ನಮ್ಮದು ಲ್ಯಾಬ್ರಡಾರ್, ಅದೇನೂ ಮಾಡಲ್ಲ ಅನ್ನೋರಿಗೂ ಇದೇ ಮಾತು. 23 ತಳಿ ನಿಷೇಧಿಸೋಕೆ ಹೇಳಿದ್ದ ಕೇಂದ್ರದ ಸುತ್ತೋಲೆನ ನಮ್ಮ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ರದ್ದು ಮಾಡ್ತು, 291 ಮಾತ್ರ ಯಾವ ತಳಿ ಅಂತ ಕೇಳಲ್ಲ.

ಅವತ್ತು ಬಂದೋರಿಗೆ ಬೆಲ್ ಮತ್ತೆ ಪಾರ್ಸೆಲ್ ಡಬ್ಬಿ ಗೇಟ್ ಹೊರಗೆ ಹಾಕ್ಸಿ, ಗೇಟಿಗೆ ಒಳಗಡೆಯಿಂದ ಶೀಟ್ ಹೊಡ್ಸಿ, ನಾಯಿ ಲಸಿಕೆ ಕಾರ್ಡ್ ತನ್ನಿ ಅಂದೆ. ಆ ಹುಡುಗನಿಗೆ 14 ಮತ್ತೆ 28ನೇ ದಿನದ ರೇಬೀಸ್ ಇಂಜೆಕ್ಷನ್ ಇನ್ನೂ ಬಾಕಿ ಇತ್ತು, ಆಸ್ಪತ್ರೆಗೆ ಹೋದ ದಿನ ದುಡಿಮೆನೂ ಇಲ್ಲ. ಕೇಸ್ ಆಮೇಲೆ ನೋಡೋಣ, ಮೊದಲು ಅದರ ಖರ್ಚು ಕೊಟ್ಟು ಬನ್ನಿ ಅಂತ ಕಳಿಸ್ದೆ.