ನಿಮ್ಮ ಹಳೇ ಕಂಪ್ಯೂಟರ್ ಯಾರಿಗಾಗಿ ಕಾಯುತ್ತಿದೆ?

ಮೈಸೂರಿನ ಯಾವುದೇ ಜೆರಾಕ್ಸ್ ಅಂಗಡಿ ಮುಂದೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ನಿಂತು ನೋಡಿ. ಸಿಸ್ಟಮ್ ಆನ್ ಆಗುತ್ತದೆ. ಮೌಸ್‌ನ ಬಲಗಡೆ ಗುಂಡಿ ಒತ್ತಿ ರಿಫ್ರೆಶ್. ಮತ್ತೆ ರಿಫ್ರೆಶ್. ಇನ್ನೊಂದು ಸಲ ರಿಫ್ರೆಶ್. ಆಮೇಲೆ ಕೆಲಸ ಶುರು. ಹೀಗೆ ಮಾಡಿದರೆ ಕಂಪ್ಯೂಟರ್ ಚುರುಕಾಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಆ ರಿಫ್ರೆಶ್ ಮಾಡುವುದು ಇಷ್ಟೇ: ಪರದೆ ಮೇಲಿರುವ ಐಕಾನ್‌ಗಳನ್ನು ಇನ್ನೊಮ್ಮೆ ಓದಿ ತೋರಿಸುತ್ತದೆ. ಅದರಿಂದ ರ‍್ಯಾಮ್ (ನಡೆಯುತ್ತಿರುವ ಕೆಲಸದ ಮಾಹಿತಿ ಇಡುವ ಜಾಗ) ಖಾಲಿಯಾಗಲ್ಲ, ಲೆಕ್ಕ ಮಾಡುವ ಚಿಪ್ ಆದ ಪ್ರೊಸೆಸರ್‌ಗೆ ಹೊಸ ಹುರುಪು ಬರಲ್ಲ.

ಹೋಗಲಿ, ಇದರಿಂದ ಯಾರಿಗೂ ನಷ್ಟವಿಲ್ಲ. ನನಗೆ ಚಿಂತೆಯಾಗಿರುವುದು ಇನ್ನೊಂದು ನಂಬಿಕೆಯಿಂದ. ಕಂಪ್ಯೂಟರ್‌ಗೂ ಮನುಷ್ಯರ ಹಾಗೇ ವಯಸ್ಸಾಗುತ್ತದಂತೆ. ಹತ್ತು ವರ್ಷ ದಾಟಿದರೆ ನಿಧಾನ ಆಗಲೇಬೇಕಂತೆ. ಅದರ ಮೇಲೆ ಹೊಸ ಓಎಸ್ (ವಿಂಡೋಸ್ ಥರದ, ಇಡೀ ಯಂತ್ರವನ್ನು ನಡೆಸುವ ತಂತ್ರಾಂಶ) ಹಾಕಿದರೆ ಕಥೆ ಮುಗಿಯಿತಂತೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಈ ಮಾತು ಜಾಸ್ತಿಯಾಗಿದೆ. ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಭಾಗವೂ ಬೇಕು ಅನ್ನುತ್ತದೆ. ಅಂದರೆ 2017ಕ್ಕಿಂತ ಹಳೆಯ ಯಂತ್ರಗಳೆಲ್ಲ ಹೊರಗೆ. ಇದು ಭದ್ರತೆಗಾಗಿ ಮೈಕ್ರೋಸಾಫ್ಟ್ ಕಂಪನಿ ಎಳೆದುಕೊಂಡ ಗೆರೆ. ನಿಮ್ಮ ಯಂತ್ರಕ್ಕೆ ಕೆಲಸ ಮಾಡುವ ತಾಕತ್ತು ಉಳಿದಿದೆಯೋ ಇಲ್ಲವೋ ಅನ್ನುವುದನ್ನು ಅದು ಹೇಳುವುದೇ ಇಲ್ಲ.

ಮಂಡ್ಯದಲ್ಲಿ ನನಗೆ ಪರಿಚಯದ ಒಂದು ಡಿಟಿಪಿ ಅಂಗಡಿ ಇದೆ. ಅರ್ಜಿ, ಕರಾರು ಪತ್ರ, ಮದುವೆ ಕರೆಯೋಲೆ ಎಲ್ಲ ಅಲ್ಲಿ ಟೈಪ್ ಆಗುತ್ತವೆ. ಅಲ್ಲಿರುವುದು ಐ3 3220 ಪ್ರೊಸೆಸರ್, 2012ರದ್ದು. ವೇಗ 3.3 ಗಿಗಾಹರ್ಟ್ಜ್, ಅಂದರೆ ಸೆಕೆಂಡಿಗೆ 330 ಕೋಟಿ ಮಿಡಿತ. ಈ ಮಿಡಿತಕ್ಕೆ ತಾಳ ಹಾಕಿಕೊಡುವುದು ಮದರ್‌ಬೋರ್ಡ್ ಮೇಲಿರುವ ಒಂದು ಪುಟ್ಟ ಕ್ವಾರ್ಟ್ಜ್ ಹರಳು. 2012ರಲ್ಲಿ ಅದು ಎಷ್ಟು ವೇಗವಾಗಿ ನಡುಗುತ್ತಿತ್ತೋ ಇವತ್ತೂ ಅಷ್ಟೇ ವೇಗವಾಗಿ ನಡುಗುತ್ತಿದೆ. ಪ್ರೊಸೆಸರ್‌ಗೆ ಮಂಡಿನೋವು ಬರುವುದಿಲ್ಲ.

ಕೆಲಸದ ನಡುವೆ ಪ್ರೊಸೆಸರ್ ನಿಜವಾಗಿ ನಿಧಾನವಾಗುವುದು ಹೆಚ್ಚಾಗಿ ಬಿಸಿಯಾದಾಗ. ಅದರ ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕ್‌ಗೆ ಧೂಳು ಮೆತ್ತಿಕೊಂಡು ಶಾಖ ಸುಮಾರು 100 ಡಿಗ್ರಿ ಹತ್ತಿರ ಬಂದರೆ, ಅದು ಸುಟ್ಟುಹೋಗದಿರಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಯುಧಪೂಜೆ ಆದ ಮೇಲೆ ಸಿಸ್ಟಮ್ ಚೆನ್ನಾಗಿ ಓಡುತ್ತದೆ ಎಂದು ಹೇಳುವವರನ್ನು ಕೇಳಿದ್ದೇನೆ. ಓಡಬಹುದು, ಅನುಮಾನವಿಲ್ಲ. ವರ್ಷಕ್ಕೊಮ್ಮೆ ಅದರ ಧೂಳು ಹೊಡೆಯುವುದು ಆವತ್ತೇ ಅಲ್ವಾ? ಹೂವು ಇಡಿ, ಆರತಿ ಎತ್ತಿ. ಅರಿಶಿನ ಕುಂಕುಮವನ್ನು ಮಾತ್ರ ಗಾಳಿ ಆಡುವ ಕಿಂಡಿಗಳ ಹತ್ತಿರ ಹಚ್ಚಬೇಡಿ. ಆ ಪುಡಿ ಫ್ಯಾನ್ ಎಳೆದುಕೊಂಡ ಗಾಳಿಯ ಜೊತೆ ಒಳಗೇ ಹೋಗುತ್ತದೆ.

ಹಾಗಾದರೆ ಆ ಅಂಗಡಿಯ ಯಂತ್ರ ಒಂದು ಫೈಲ್ ತೆರೆಯಲು ಯಾಕೆ ಅಷ್ಟು ಒದ್ದಾಡುತ್ತಿತ್ತು? ಕ್ಯಾಬಿನೆಟ್ ಮುಂದಿನ ಕೆಂಪು ದೀಪ ಆರದೆ ಉರಿಯುತ್ತಿತ್ತು. ಕಿವಿಗೊಟ್ಟರೆ ಒಳಗಿನಿಂದ ಕರ್ ಕರ್ ಎಂಬ ಸದ್ದು. ಉತ್ತರ ಆ ಸದ್ದಿನಲ್ಲೇ ಇದೆ.

ಫೈಲ್‌ಗಳನ್ನೆಲ್ಲ ಇಟ್ಟುಕೊಳ್ಳುವ ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಯೊಂದು ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ತಲೆಯನ್ನು ಹೊತ್ತ ತೋಳು ಸರಿಯಾದ ಜಾಗಕ್ಕೆ ಸರಿಯಬೇಕು, ಅದಕ್ಕೆ 8-9 ಮಿಲಿಸೆಕೆಂಡ್. ಒಟ್ಟು ಸುಮಾರು 13. ಕೇಳಲು ಚಿಕ್ಕ ಸಂಖ್ಯೆ. ಆದರೆ ಅಷ್ಟರಲ್ಲಿ ನಮ್ಮ ಐ3 ಪ್ರೊಸೆಸರ್ 4 ಕೋಟಿಗೂ ಹೆಚ್ಚು ಸಲ ಮಿಡಿದಿರುತ್ತದೆ. ಆ ಮಾಹಿತಿಗಾಗಿ ಕಾಯುತ್ತಿರುವ ಕೆಲಸದ ಮಟ್ಟಿಗೆ ಆ ಮಿಡಿತಗಳೆಲ್ಲ ದಂಡ.

ಇದನ್ನು ನಮ್ಮ ಅಳತೆಗೆ ಹಿಗ್ಗಿಸಿ ನೋಡೋಣ. ದೇವರಾಜ ಮಾರುಕಟ್ಟೆಯ ಒಬ್ಬ ಅಂಗಡಿಯವರಿಗೆ ಕೈಗೆಟುಕುವ ಗೂಡಿನಿಂದ ಸಾಮಾನು ತೆಗೆಯಲು ಒಂದು ಸೆಕೆಂಡ್ ಸಾಕು ಅಂದುಕೊಳ್ಳಿ. ಆ ಗೂಡೇ ರ‍್ಯಾಮ್. ಗೂಡಿನಲ್ಲಿ ಇಲ್ಲದ್ದನ್ನು ಗೋಡೌನ್‌ನಿಂದ ತರಿಸಬೇಕು. ಗೋಡೌನ್ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಹಾಕುವ, ಚಿಪ್‌ಗಳಲ್ಲಿ ಮಾಹಿತಿ ಇಡುವ ಸಾಧನ) ಆಗಿದ್ದರೆ ಹುಡುಗ ಹೋಗಿ ಬರಲು ಹದಿನೇಳು ನಿಮಿಷ. ಹಾರ್ಡ್ ಡಿಸ್ಕ್ ಆಗಿದ್ದರೆ ಒಂದೂವರೆ ದಿನ! ಈಗ ಗೂಡು ಚಿಕ್ಕದಾಗಿದ್ದು ಗಿರಾಕಿಗಳು ಜಾಸ್ತಿಯಾದರೆ ಏನಾಗುತ್ತದೆ? ಹೊಸ ಸಾಮಾನಿಗೆ ಜಾಗ ಮಾಡಲು ಇರುವುದನ್ನು ಗೋಡೌನ್‌ಗೆ ವಾಪಸ್ ಕಳಿಸಬೇಕು. ಮರುಗಳಿಗೆ ಅದನ್ನೇ ಇನ್ನೊಬ್ಬರು ಕೇಳುತ್ತಾರೆ. ವ್ಯಾಪಾರ ನಿಂತೇ ಹೋಗುತ್ತದೆ, ಹುಡುಗ ಮಾತ್ರ ಓಡುತ್ತಲೇ ಇರುತ್ತಾನೆ. ನಾವು ಹ್ಯಾಂಗ್ ಆಯಿತು ಅನ್ನುವುದು ಬಹಳ ಸಲ ಇದನ್ನೇ.

ಹೀಗೆ ರ‍್ಯಾಮ್ ಮತ್ತು ಡಿಸ್ಕ್ ನಡುವೆ ಪುಟಗಳನ್ನು (ಮಾಹಿತಿಯ ಒಂದೇ ಅಳತೆಯ ತುಂಡುಗಳನ್ನು) ಆಚೀಚೆ ಸಾಗಿಸುವ ಉಪಾಯ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿತು. ಟಾಮ್ ಕಿಲ್‌ಬರ್ನ್ ತಂಡದ ಅಟ್ಲಾಸ್ ಕಂಪ್ಯೂಟರ್ 1962ರಲ್ಲಿ ಕೆಲಸಕ್ಕೆ ಇಳಿದಾಗ ಇದು ಅದರಲ್ಲಿತ್ತು, ಡಿಸ್ಕ್ ಜಾಗದಲ್ಲಿ ಮಾತ್ರ ತಿರುಗುವ ಕಾಂತೀಯ ಡ್ರಮ್ ಇತ್ತು. ಮೆಮೊರಿಗಾಗಿ ಒದ್ದಾಟ ಮಿತಿಮೀರಿದರೆ ಯಂತ್ರ ಹೇಗೆ ಕುಸಿಯುತ್ತದೆ ಎಂದು ಪೀಟರ್ ಡೆನ್ನಿಂಗ್ 1968ರಲ್ಲೇ ವಿವರಿಸಿದ್ದರು. ನನಗೆ ಇದಕ್ಕಿಂತ ಬೆರಗು ಹುಟ್ಟಿಸುವುದು ಡಿಸ್ಕ್‌ನ ಚರಿತ್ರೆ. ಐಬಿಎಂ 1956ರಲ್ಲಿ ತಂದ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅದು ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಒಂದು ಮಾಹಿತಿ ಹುಡುಕಲು ಸುಮಾರು 600 ಮಿಲಿಸೆಕೆಂಡ್ ಬೇಕಿತ್ತು. ನಮ್ಮ ಮನೆಯ 500 ಜಿಬಿ ಡಿಸ್ಕ್ ಅದರ ಲಕ್ಷ ಪಟ್ಟು ಹಿಡಿಯುತ್ತದೆ. ಆದರೆ ಹುಡುಕುವ ವೇಗ ಐವತ್ತು ಪಟ್ಟೂ ಏರಿಲ್ಲ. ಲೋಹದ ತೋಳು, ತಿರುಗುವ ತಟ್ಟೆ. ಅವನ್ನು ಎಷ್ಟು ಅಂತ ಓಡಿಸಲು ಸಾಧ್ಯ?

ಎಸ್‌ಎಸ್‌ಡಿಯಲ್ಲಿ ತೋಳೂ ಇಲ್ಲ, ತಟ್ಟೆಯೂ ಇಲ್ಲ. "ನಿಮ್ಮ ಬೋರ್ಡ್ ಹಳೇದು, ಎಸ್‌ಎಸ್‌ಡಿ ಹಾಕಿದರೂ ಸ್ಪೀಡ್ ಬರಲ್ಲ" ಎಂದು ಹೇಳುವ ರಿಪೇರಿಯವರಿದ್ದಾರೆ. ಅರ್ಧ ನಿಜ. ಎಚ್61 ಥರದ ಹಳೇ ಮದರ್‌ಬೋರ್ಡ್‌ಗಳಲ್ಲಿ ಡಿಸ್ಕ್‌ನಿಂದ ಮಾಹಿತಿ ಹರಿಯುವ ಸಾಟಾ ದಾರಿ ಸೆಕೆಂಡಿಗೆ 3 ಗಿಗಾಬಿಟ್‌ಗೆ ಸೀಮಿತ. ಒಂದು ದೊಡ್ಡ ಸಿನಿಮಾ ಫೈಲ್ ನಕಲು ಮಾಡುವಾಗ ಇದು ಲೆಕ್ಕಕ್ಕೆ ಬರುತ್ತದೆ. ಸಿಸ್ಟಮ್ ಆನ್ ಆಗುವಾಗ ಬೇಕಾಗುವುದು ಅಲ್ಲಲ್ಲಿ ಚದುರಿದ ಸಾವಿರಾರು ಸಣ್ಣ ತುಣುಕುಗಳು. ಹಾರ್ಡ್ ಡಿಸ್ಕ್ ಅಂಥವನ್ನು ಸೆಕೆಂಡಿಗೆ ಎಂಬತ್ತರ ಆಸುಪಾಸು ತಂದುಕೊಡುತ್ತದೆ. ಎಸ್‌ಎಸ್‌ಡಿ ಸಾವಿರಗಟ್ಟಲೆ ತರುತ್ತದೆ, ಹಳೇ ಬೋರ್ಡ್‌ನಲ್ಲೂ.

ಆಮೇಲೆ ರ‍್ಯಾಮ್. 4 ಜಿಬಿ ಇದ್ದರೆ 8 ಮಾಡಿಸಿ. ಆದರೆ 32 ಬಿಟ್ ವಿಂಡೋಸ್ ಉಳಿಸಿಕೊಂಡು ಸುಮ್ನೆ ರ‍್ಯಾಮ್‌ಗೆ ದುಡ್ಡು ಹಾಕಬೇಡಿ. 32 ಬಿಟ್‌ನಲ್ಲಿ ಬರೆಯಬಹುದಾದ ವಿಳಾಸಗಳು 429 ಕೋಟಿ ಚಿಲ್ಲರೆ. ವಿಳಾಸಕ್ಕೊಂದು ಬೈಟ್, ಅಂದರೆ 4 ಜಿಬಿ. ಮನೆಬಳಕೆಯ 32 ಬಿಟ್ ವಿಂಡೋಸ್ 4 ಜಿಬಿ ದಾಟಿ ನೋಡುವುದೇ ಇಲ್ಲ.

ಓಎಸ್ ವಿಷಯಕ್ಕೆ ಬಂದರೆ, ಇಂಥ ಯಂತ್ರಕ್ಕೆ ನಾನು ಹೇಳುವುದು ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ಎಂಬ ಓಎಸ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, ದುಡ್ಡು ಕೊಡಬೇಕಿಲ್ಲ, ಭದ್ರತಾ ಅಪ್‌ಡೇಟ್ ಬರುತ್ತಿರುತ್ತವೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಪ್ರಿಂಟರ್, ವೈಫೈ, ಸೌಂಡ್ ಎಲ್ಲ ಕೆಲಸ ಮಾಡುತ್ತವೆ ಎಂದು ಖಾತ್ರಿಯಾದ ಮೇಲೆ ಡಿಸ್ಕ್‌ಗೆ ಹಾಕಿಕೊಳ್ಳಿ. ಇನ್‌ಸ್ಟಾಲ್ ಮಾಡುವುದನ್ನು ಇಲ್ಲಿ ಹೇಳಿಕೊಡುವ ಅಗತ್ಯ ಇಲ್ಲ, ಪರದೆಯೇ ಹೇಳಿಕೊಡುತ್ತದೆ. ಮೊದಲು ಫೈಲ್‌ಗಳ ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ, ಅಷ್ಟೇ.

ಕನ್ನಡದವರು ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಆ ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟ್‌ನಲ್ಲಿ ಮಾಡಿದ ಫೈಲ್‌ಗಳ ರಾಶಿಯೇ ಇದೆ. ಅವು ಯೂನಿಕೋಡ್ (ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಪದ್ಧತಿ) ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದ ಹೊಸ ಸಿಸ್ಟಮ್‌ನಲ್ಲಿ ತೆರೆದರೆ ಗೀಚಿದ ಹಾಗೆ ಕಾಣುತ್ತದೆ. ಫೈಲ್ ಹಾಳಾಯಿತು ಎಂದು ಗಾಬರಿಯಾಗಿ ಅಳಿಸಬೇಡಿ. ಹಳೇ ಫಾಂಟ್ ಫೈಲ್‌ಗಳನ್ನೂ ನಕಲು ಮಾಡಿಟ್ಟುಕೊಳ್ಳಿ, ನಿಧಾನವಾಗಿ ಯೂನಿಕೋಡ್‌ಗೆ ಬದಲಾಯಿಸಿ. ಟೈಪ್ ಮಾಡಲು ಹೊಸದಾಗಿ ಕಲಿಯಬೇಕಾದ್ದು ಹೆಚ್ಚೇನೂ ಇಲ್ಲ. ಕಗಪ ಕೀಲಿಮಣೆ ಲಿನಕ್ಸ್‌ನಲ್ಲೂ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೂ ಬ್ರೌಸರ್‌ನಲ್ಲಿ ಯಾವ ತಾಣ ತೆರೆದರೂ ಸುರಕ್ಷಿತವಲ್ಲ ಎಂದು ಬರುತ್ತಿದ್ದರೆ, ಮೂಲೆಯಲ್ಲಿರುವ ತಾರೀಖು ನೋಡಿ. ಹಲವು ವರ್ಷ ಹಿಂದಿನದು ತೋರಿಸುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ಖಾಲಿಯಾಗಿದೆ. ತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಶುರುವಿನ ದಿನ, ಮುಗಿಯುವ ದಿನ ಇರುತ್ತದೆ. ತಾರೀಖು ತಪ್ಪಿದ್ದರೆ ಅದು ಇನ್ನೂ ಶುರುವೇ ಆಗಿಲ್ಲ ಎಂದು ಬ್ರೌಸರ್ ತಿಳಿಯುತ್ತದೆ. ಸಿಆರ್2032 ಅಂತ ಕೇಳಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ.