ಸ್ಪ್ಯಾನಿಷ್ ಕಲಿಯುತ್ತಿದ್ದೀರಾ? ಇಂಗ್ಲಿಷ್ ಪಕ್ಕಕ್ಕಿಡಿ

ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿದವರು ಮೊದಲು ತಡವರಿಸುವುದು ‘ಗುಸ್ತಾರ್’ ಎಂಬ ಕ್ರಿಯಾಪದದ ಹತ್ತಿರ. ನಾನೂ ವಾರಗಟ್ಟಲೆ ತಡವರಿಸಿದ್ದೇನೆ. ಪಾಠದ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ನಾವು ‘ಐ ಲೈಕ್ ಕಾಫಿ’ಯನ್ನೇ ತಿರುಗಿಸಿ ‘ಯೊ ಗೂಸ್ತೊ ಕಫೆ’ ಅಂದುಬಿಡುತ್ತೇವೆ. ತಪ್ಪು. ಹೇಳಬೇಕಾದ್ದು ‘ಮೆ ಗೂಸ್ತಾ ಎಲ್ ಕಫೆ’.

ಈಗ ಇದನ್ನೇ ಕನ್ನಡದಿಂದ ನೋಡಿ. ಮೆ ಅಂದರೆ ನನಗೆ. ಗೂಸ್ತಾ ಅಂದರೆ ಹಿಡಿಸುತ್ತದೆ. ನನಗೆ ಕಾಫಿ ಹಿಡಿಸುತ್ತದೆ, ಅಷ್ಟೇ! ಪುಸ್ತಕಗಳು ಅಂತ ಬಹುವಚನ ಬಂದರೆ ನಾವು ‘ಹಿಡಿಸುತ್ತವೆ’ ಅನ್ನುವ ಹಾಗೆ ಅವರು ‘ಮೆ ಗೂಸ್ತಾನ್ ಲೋಸ್ ಲೀಬ್ರೊಸ್’ ಅನ್ನುತ್ತಾರೆ. ನೋವಿಗೂ ಇದೇ ದಾರಿ: ‘ಮೆ ದ್ವೆಲೆ ಲಾ ಎಸ್ಪಾಲ್ದಾ’, ನನಗೆ ಬೆನ್ನು ನೋಯುತ್ತಿದೆ. ಯಾರ ಬೆನ್ನು ಅಂತ ಅವರೂ ಬಿಡಿಸಿ ಹೇಳಲ್ಲ, ನಾವೂ ಹೇಳಲ್ಲ.

ಇನ್ನೊಂದು, ಇದು ನನಗೆ ತುಂಬಾ ಪ್ರಿಯವಾದದ್ದು. ‘ಸೇರ್’ ಮತ್ತು ‘ಎಸ್ತಾರ್’ ಎರಡಕ್ಕೂ ಇಂಗ್ಲಿಷಿನಲ್ಲಿ ‘ಟು ಬಿ’ ಅನ್ನೋ ಒಂದೇ ಕ್ರಿಯಾಪದ, ಅದಕ್ಕೇ ಅಷ್ಟೊಂದು ಗೊಂದಲ. ಕನ್ನಡದಲ್ಲಿ ‘ನಾನು ಟೀಚರ್’ ಅನ್ನುವಾಗ ಕ್ರಿಯಾಪದವೇ ಬೇಡ, ಅಲ್ಲಿ ‘ಸೇರ್’ನ ‘ನಾನು’ ರೂಪವಾದ ‘ಸೊಯ್’ ಬರುತ್ತದೆ. ‘ಮನೆಯಲ್ಲಿದ್ದೀನಿ’, ‘ಸುಸ್ತಾಗಿದ್ದೀನಿ’, ಹೀಗೆ ‘ಇರು’ ಇಣುಕಿದರೆ ‘ಎಸ್ತಾರ್’ನ ‘ಎಸ್ತೊಯ್’. ಎಲ್ಲ ಕಡೆ ಹೊಂದಲ್ಲ, ‘ಅವಳು ಎತ್ತರ ಇದ್ದಾಳೆ’ ಅನ್ನೋದಕ್ಕೆ ‘ಸೇರ್’ ಬೇಕು. ಆದರೂ ಶುರುವಿಗೆ ಇದಕ್ಕಿಂತ ಒಳ್ಳೆ ಊರುಗೋಲು ನನಗೆ ಸಿಕ್ಕಿಲ್ಲ.

ಉಚ್ಚಾರದಲ್ಲಿ ನಮಗೆ ಕಷ್ಟ ಕಡಿಮೆ. ಅವರ ತ, ದ ನಮ್ಮ ತ, ದಗಳಿಗೆ ಹತ್ತಿರ, ಟ, ಡ ಅಲ್ಲ. ನಮ್ಮ ವರ್ಣಮಾಲೆಯಲ್ಲಿ ಸುಮ್ನೆ ಕೂತಿರುವ ‘ಞ’ಗೆ ಅಲ್ಲಿ ದಿನವಿಡೀ ಕೆಲಸ: ‘ಮಞಾನಾ’ ಅಂದರೆ ನಾಳೆ, ಬೆಳಗ್ಗೆ ಅಂತಲೂ ಹೌದು. ಗಮನ ಬೇಕಾದ್ದು ‘ರ’ಗೆ. ‘ಪೆರೊ’ ಅಂದರೆ ಆದರೆ, ನಾಲಿಗೆ ಅದುರಿಸಿ ‘ಪೆರ್ರೊ’ ಅಂದರೆ ನಾಯಿ.

ಓದುವಾಗ ಗಟ್ಟಿಯಾಗಿ ಓದಿ. ‘ಬರ್ತಾಳೆ’ ಅನ್ನೋದನ್ನು ನಾವು ‘ಬರ್ತಾಳಾ’ ಅಂತ ಕೊನೆಯಲ್ಲಿ ಪ್ರಶ್ನೆ ಮಾಡುತ್ತೇವೆ. ಸ್ಪ್ಯಾನಿಷ್‌ನಲ್ಲಿ ಎರಡಕ್ಕೂ ‘ವಿಯೆನೆ’ಯೇ, ಬದಲಾಗುವುದು ದನಿ ಮಾತ್ರ. ಉದ್ದ ವಾಕ್ಯದಲ್ಲಿ ದನಿಯನ್ನು ಎಲ್ಲಿಂದ ಏರಿಸಬೇಕು ಅಂತ ಮೊದಲೇ ಗೊತ್ತಾಗಬೇಕಲ್ವಾ? ಅದಕ್ಕೇ ಸ್ಪೇನಿನ ಭಾಷಾ ಅಕಾಡೆಮಿ 1754ರಲ್ಲಿ ಪ್ರಶ್ನೆಯ ಮುಂದೆ ತಲೆಕೆಳಗಾದ ಪ್ರಶ್ನೆಚಿಹ್ನೆ ಹಾಕುವ ನಿಯಮ ತಂದಿತು. ಅದು ಕಂಡಲ್ಲಿಂದಲೇ ದನಿ ಏರಿಸಿ, ಕಿವಿ ಬೇಗ ಪಳಗುತ್ತದೆ.

ಮ್ಯಾಡ್ರಿಡ್‌ಗೆ ಹೋಗುವವರು ಬೊಟಾನಿಕಲ್ ಗಾರ್ಡನ್ ಪಕ್ಕದ ಕ್ವೆಸ್ತಾ ದೆ ಮೊಯಾನೊ ಇಳಿಜಾರಿಗೆ ತಪ್ಪದೆ ಹೋಗಿ. 1925ರಿಂದ ಅಲ್ಲಿ ಹಳೆ ಪುಸ್ತಕದ ಮರದ ಅಂಗಡಿಗಳು ಸಾಲಾಗಿ ನಿಂತಿವೆ. ದಪ್ಪ ಕಾದಂಬರಿ ಬೇಡ, ತೆಳ್ಳನೆಯ ನಾಟಕವೊಂದನ್ನು ಕೇಳಿ. ನಾಟಕದಲ್ಲಿ ಬರೀ ಮಾತುಕತೆ, ಓದಿದ್ದನ್ನು ಅವತ್ತೇ ಬಳಸಬಹುದು.

ಬಳಸುವುದಕ್ಕೆ ಒಳ್ಳೆ ಜಾಗ ಊಟದ ಮೇಜು. ಅಂದಹಾಗೆ ನಮ್ಮ ‘ಮೇಜು’ ಪೋರ್ಚುಗೀಸರ ‘ಮೇಸಾ’ದಿಂದ ಬಂದದ್ದು ಅಂತ ಹೇಳುವವರಿದ್ದಾರೆ, ಸ್ಪ್ಯಾನಿಷ್‌ನಲ್ಲೂ ಅದು ‘ಮೇಸಾ’. ಉತ್ತರ ಕರ್ನಾಟಕದ ‘ಪಗಾರ’ದ ಮೂಲವೂ ಪೋರ್ಚುಗೀಸೇ, ಸ್ಪ್ಯಾನಿಷ್‌ನಲ್ಲಿ ‘ಪಗಾರ್’ ಅಂದರೆ ದುಡ್ಡು ಕೊಡು. ಸ್ಪೇನಿನಲ್ಲಿ ಮಧ್ಯಾಹ್ನದ ಊಟ ಎರಡು, ಮೂರು ಗಂಟೆಗೆ. ಊಟ ಮುಗಿದರೂ ಯಾರೂ ಏಳುವುದಿಲ್ಲ, ಕಾಫಿ ಮುಂದಿಟ್ಟುಕೊಂಡು ಮಾತು ಸಾಗುತ್ತಲೇ ಇರುತ್ತದೆ. ಆ ಹೊತ್ತಿಗೇ ‘ಸೊಬ್ರೆಮೇಸಾ’ ಅಂತ ಹೆಸರಿದೆ. ಆಗ ಸುಮ್ನೆ ಕೇಳಿಸಿಕೊಳ್ಳಿ. ವಾಕ್ಯದ ಕೊನೆಗೆ ‘ನೋ?’ ಅಂತ ಎಷ್ಟು ಸಲ ಬರುತ್ತದೆ ಗಮನಿಸಿ, ಅದು ನಮ್ಮ ‘ಅಲ್ವಾ?’. ಅದೊಂದನ್ನೇ ಹಿಡಿದುಕೊಂಡು ಮಾತಿಗೆ ಸೇರಬಹುದು. ಅವಸರ ಬೇಡ. ‘ಲಾ ಕ್ವೆಂತಾ, ಪೋರ್ ಫಾವೋರ್’ ಅಂತ ನೀವಾಗಿ ಕೇಳುವ ತನಕ ಸಾಮಾನ್ಯವಾಗಿ ಯಾರೂ ಬಿಲ್ ತರುವುದಿಲ್ಲ.